ಆಡಳಿತವಿಲ್ಲದ ರಾಜಧಾನಿ

ಮಹಾಕಾವ್ಯವೆಂದರೆ ಅದರಲ್ಲಿ ಹದಿನೆಂಟು ವರ್ಣನೆಗಳು ಇರಬೇಕೆಂದು ನಮ್ಮ ಹಿಂದಿನ ಲಾಕ್ಷಣಿಕರು ನಿಯಮ ಮಾಡಿದರು. ಆ ಹದಿನೆಂಟರ ಪಟ್ಟಿ ಪ್ರಾರಂಭವಾಗುವುದೇ ನಗರದಿಂದ. ಕವಿಗೆ ಇದೊಂದು ದೊಡ್ಡ ಸೌಕರ್ಯ. ಕಲ್ಲು ಬೇಡ, ಗಾರೆ ಬೇಡ, ಖಜಾನೆಯ ಅಪ್ಪಣೆಯೂ ಬೇಡ. ಓಲೆಗರಿಯ ಮೇಲೆ ಕಂಠವನ್ನೂರಿದನೆಂದರೆ ಅಗಳು, ಕೋಟೆ, ಕೊತ್ತಳ, ಉಪವನ, ಕೆರೆ, ಅಂಗಡಿಬೀದಿ ಎಲ್ಲವೂ ಎದ್ದು ನಿಲ್ಲುತ್ತವೆ. ಆದಿಪುರಾಣದ ಅಯೋಧ್ಯೆಯನ್ನು ಇಂದ್ರನ ಅಪ್ಪಣೆಯಂತೆ ದೇವತೆಗಳೇ ಕಟ್ಟಿಕೊಟ್ಟರು. ಕುಬೇರನ ಅಲಕಾವತಿಯಂತೂ ಹಿಮ ಕವಿದ ಕೈಲಾಸದ ಮಗ್ಗುಲಲ್ಲಿದೆ. ಅಲ್ಲಿ ಬೆಳೆ ಏನು, ಸೌದೆ ಎಲ್ಲಿಂದ, ಕುಡಿಯುವ ನೀರು ಹೆಪ್ಪುಗಟ್ಟುವುದಿಲ್ಲವೆ ಎಂದು ಯಾರೂ ಕೇಳಲಿಲ್ಲ. ಕಾವ್ಯದ ರಾಜಧಾನಿಗೆ ಅಂಥ ಪ್ರಶ್ನೆಗಳು ಸಲ್ಲವು.

ತರಗತಿಯಲ್ಲಿ ಈ ಪುರವರ್ಣನೆಗಳನ್ನು ಪಾಠ ಹೇಳುವಾಗಲೆಲ್ಲ ನನಗೊಂದು ಯೋಚನೆ ಬರುತ್ತದೆ. ಕಿಟಕಿಯಾಚೆಗೆ ಕಾಣುವ ನಮ್ಮ ಮೈಸೂರು ಕೂಡ ಒಂದು ರಾಜಧಾನಿಯಾಗಿತ್ತಷ್ಟೆ. ಅಗಲವಾದ ಬೀದಿಗಳು, ವೃತ್ತಗಳು, ಗುಮ್ಮಟಗಳು, ನಡುವೆ ಅರಮನೆ, ಹಿನ್ನೆಲೆಗೆ ಬೆಟ್ಟ: ನೋಡಿದವರು ಇದನ್ನು ಒಂದೇ ಕೈ ಒಂದೇ ಸಲಕ್ಕೆ ಬರೆದ ವರ್ಣನೆಯೆಂದುಕೊಂಡಾರು. ಆದರೆ ಚರಿತ್ರೆಯನ್ನು ತೆರೆದರೆ ಸಂಗತಿ ಬೇರೆಯೇ. ಈ ಊರಿನಿಂದ ಅಧಿಕಾರ ಮೂರು ಸಲ ಎದ್ದುಹೋಗಿದೆ. ಅದಕ್ಕಿಂತ ಸ್ವಾರಸ್ಯವಾದ ಮಾತೆಂದರೆ, ಇಂದು ನಾವು ಹೆಮ್ಮೆಪಡುವ ಮೈಸೂರಿನ ರೂಪ ಬಹುಮಟ್ಟಿಗೆ ಸಿದ್ಧವಾದದ್ದು ಸರ್ಕಾರದ ಕಚೇರಿ ಇಲ್ಲಿ ಇಲ್ಲದಿದ್ದ ಕಾಲದಲ್ಲಿ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಊರನ್ನು ನೋಡಿದರೆ ಅದರ ಬೀದಿಗಳಿಗೆ ಬೇರೊಂದು ಅರ್ಥ ಹೊಳೆಯುತ್ತದೆ.

ಮೊದಲು ನೆಲವನ್ನು ನೋಡೋಣ. ಚಾಮುಂಡಿ ಬೆಟ್ಟದ ವಾಯವ್ಯ ಪಾದದಲ್ಲಿ, ಉತ್ತರ ದಕ್ಷಿಣವಾಗಿ ಹಬ್ಬಿದ ಎರಡು ದಿಣ್ಣೆಗಳ ನಡುವಣ ತಗ್ಗಿನಲ್ಲಿ ಹಳೆಯ ಮೈಸೂರು ಕುಳಿತಿದೆ. ಸಮುದ್ರಮಟ್ಟದಿಂದ ಸುಮಾರು ೩೪೮೯ ಅಡಿ ಎತ್ತರದ ಬೆಟ್ಟ ಊರಿನ ಮೇಲೆ ಸಾವಿರ ಅಡಿಯಷ್ಟು ಎದ್ದು ನಿಂತಿದೆ. ಹೊಳೆಯೆಂಬುದು ಊರಿನ ಬಳಿಯಲ್ಲಿಲ್ಲ. ಕಾವೇರಿ ಹರಿಯುವುದು ಮೈಲಿಗಳಾಚೆ. ಆದ್ದರಿಂದ ಇಲ್ಲಿ ಬಾಳಬೇಕಾದವರು ಕೆರೆ ಕಟ್ಟಲೇಬೇಕಾಗಿತ್ತು. ಊರಿನ ಪುರಾತನ ಹೆಸರು ಪುರಗೆರೆ ಎಂಬುದರಲ್ಲಿಯೇ ಕೆರೆ ಇದೆ. ೧೩೯೯ರಲ್ಲಿ ಯದುರಾಯ, ಕೃಷ್ಣರಾಯ ಎಂಬ ಸೋದರರು ಇಲ್ಲಿಗೆ ಬಂದು ಅರಸುಮನೆತನವನ್ನು ನೆಲೆಗೊಳಿಸಿದರೆಂಬುದು ಅರಮನೆಯ ಪರಂಪರೆಯ ಮಾತು. ೧೫೨೪ರಲ್ಲಿ ಹಿರಿಯ ಬೆಟ್ಟದ ಚಾಮರಾಜ ಒಡೆಯರು ಕೋಟೆಯನ್ನು ಕಟ್ಟಿಸಿ ಊರಿಗೆ ಮಹಿಷೂರ ನಗರವೆಂದು ಹೆಸರಿಟ್ಟರೆಂದೂ ಅದೇ ಪರಂಪರೆ ಹೇಳುತ್ತದೆ. ಆಗಿನ ಮೈಸೂರು ವಿಜಯನಗರಕ್ಕೆ ಅಡಗಿದ ಒಂದು ಪಾಳೆಯಪಟ್ಟು. ಬೆಟ್ಟದ ನೆರಳಿನಲ್ಲಿದ್ದ ಸಣ್ಣ ಕೋಟೆ.

ಆ ಸಣ್ಣ ಕೋಟೆಯಿಂದ ಹೊರಟ ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅರಸರ ಭಾಗ್ಯ ತೆರೆಯಿತು. ಮೈಸೂರಿನ ಭಾಗ್ಯ ಮುಚ್ಚಿತು. ಸುತ್ತಲೂ ಕಾವೇರಿ ಹರಿಯುವ ದ್ವೀಪವನ್ನು ಬಿಟ್ಟು ಕೆರೆಯ ನೀರಿನ ತಗ್ಗಿಗೆ ಯಾರು ಹಿಂದಿರುಗಿಯಾರು? ಸಿಂಹಾಸನ ಅಲ್ಲಿಗೆ ಹೋಯಿತು. ಆ ವರ್ಷವೇ ನವರಾತ್ರಿಯ ಉತ್ಸವವೂ ಅಲ್ಲಿ ಮೊದಲಾಯಿತು. ೧೬೪೮ರಲ್ಲಿ ಗೋವಿಂದವೈದ್ಯ 'ಕಂಠೀರವ ನರಸರಾಜ ವಿಜಯ'ವೆಂಬ ಸಾಂಗತ್ಯವನ್ನು ರಚಿಸಿದಾಗ ಅವನ ಕಣ್ಣಿಗೆ ಬಿದ್ದ ರಾಜಧಾನಿ ಶ್ರೀರಂಗಪಟ್ಟಣ. ಅವನು ವಿಸ್ತಾರವಾಗಿ ಬಣ್ಣಿಸಿದ ಮಹಾನವಮಿಯೂ ಅಲ್ಲಿಯದೇ. ಕನ್ನಡದ ಪುರವರ್ಣನೆಗಳಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ. ಕವಿ ಇಲ್ಲಿ ಕಲ್ಪಿಸಿದ್ದಕ್ಕಿಂತ ಕಂಡದ್ದನ್ನು ಹೆಚ್ಚಾಗಿ ಹೇಳಿದ್ದಾನೆ.

ಇದು ಅಧಿಕಾರ ಮೈಸೂರನ್ನು ಬಿಟ್ಟ ಮೊದಲನೆಯ ಸಲ. ಹೆಚ್ಚು ಕಡಮೆ ನೂರ ತೊಂಬತ್ತು ವರ್ಷ ಮೈಸೂರು ಹೆಸರಿಗೆ ಮಾತ್ರ ರಾಜ್ಯದ ಮೂಲವಾಗಿ, ನಿಜದಲ್ಲಿ ರಾಜಧಾನಿಯ ಮಗ್ಗುಲಿನ ಊರಾಗಿ ಉಳಿಯಿತು. ಆದರೂ ಒಂದು ನಂಟು ಕಡಿಯಲಿಲ್ಲ. ೧೬೫೯ರಿಂದ ೧೬೭೩ರವರೆಗೆ ಆಳಿದ ದೊಡ್ಡದೇವರಾಜ ಒಡೆಯರು ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲುಗಳನ್ನು ಕಟ್ಟಿಸಿದರು, ನಡುದಾರಿಯಲ್ಲಿ ಆ ಭಾರಿ ನಂದಿಯನ್ನು ಕಂಡರಿಸಿದರು. ಅರಸ ದ್ವೀಪದಲ್ಲಿದ್ದ, ಅರಸನ ಮನೆದೇವತೆ ಬೆಟ್ಟದ ಮೇಲೆಯೇ ಇದ್ದಳು. ಸಿಂಹಾಸನವನ್ನು ಹೊತ್ತು ಸಾಗಿಸಬಹುದು, ಬೆಟ್ಟವನ್ನು ಸಾಗಿಸಲಾಗದು. ಮುಂದೆ ಮೈಸೂರು ಮತ್ತೆ ತಲೆಯೆತ್ತುವುದಕ್ಕೆ ಇದೂ ಒಂದು ಕಾರಣವಾಯಿತೆಂದು ನನಗನ್ನಿಸುತ್ತದೆ.

ತಲೆಯೆತ್ತುವುದಕ್ಕೆ ಮೊದಲು ಅದು ನೆಲಸಮವಾಗಬೇಕಾಗಿತ್ತು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನ್ ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಪೂರ್ವದ ದಿಣ್ಣೆಯ ಮೇಲೆ ನಜರ್‌ಬಾದ್ ಎಂಬ ಹೊಸ ಕೋಟೆಯನ್ನು ಎಬ್ಬಿಸಲು ಹೊರಟ. ಹಳೆಯ ಕಲ್ಲುಗಳು ಹೊಸ ಜಾಗಕ್ಕೆ ಹೋದವು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು, ಸುಲ್ತಾನ್ ಮಡಿದ. ಅದೇ ಜೂನ್ ೩೦ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಪಟ್ಟ ಕಟ್ಟಲು ಮೈಸೂರಿನಲ್ಲಿ ಒಂದು ಅರಮನೆಯೂ ಇರಲಿಲ್ಲ, ಚಪ್ಪರವೇ ಸಭಾಮಂಟಪವಾಯಿತು. ಮರುವರ್ಷ, ಅಂದರೆ ೧೮೦೦ರಲ್ಲಿ, ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ: ನಜರ್‌ಬಾದಿಗೆ ಹೋಗಿದ್ದ ಕಲ್ಲುಗಳೇ ಈಗ ಮತ್ತೆ ಹಳೆಯ ಜಾಗಕ್ಕೆ ಹಿಂದಿರುಗುತ್ತಿದ್ದವು. ದೊರೆಗಳು ಬದಲಾದರು, ಕಲ್ಲು ಹೊರುವವನ ಹೆಗಲು ಮಾತ್ರ ಬದಲಾಗಲಿಲ್ಲ.

ಹೀಗೆ ಅವಸರದಲ್ಲಿ ಎದ್ದ ರಾಜಧಾನಿಯ ಅಚ್ಚು ಸರಳವಾಗಿತ್ತು. ಚೌಕಾಕಾರದ ಕೋಟೆ, ಮೂರು ಪಕ್ಕಗಳು ಸುಮಾರು ೪೫೦ ಗಜ ಉದ್ದ, ತೆಂಕಣದ್ದು ಸ್ವಲ್ಪ ಹೆಚ್ಚು. ಒಳಗೆ ಮರದ ಅರಮನೆ, ಅದರ ಸುತ್ತ ದೇವಸ್ಥಾನಗಳು, ಅರಮನೆಯನ್ನು ನಂಬಿ ಬದುಕುವವರ ಮನೆಗಳು ಒತ್ತೊತ್ತಾಗಿ. ಕೋಟೆಯ ಹೊರಗೆ ಪೇಟೆ. ದೇವರಾಜ, ಲಷ್ಕರ್, ಮಂಡಿ, ಕೃಷ್ಣರಾಜ, ಚಾಮರಾಜ, ನಜರ್‌ಬಾದ್ ಎಂದು ಇಂದಿಗೂ ಬಾಯಲ್ಲಿರುವ ಮೊಹಲ್ಲಾಗಳ ಹೆಸರುಗಳನ್ನು ಒಮ್ಮೆ ಗಮನಿಸಿದರೆ ಸಾಕು: ಅರಸರು, ದಂಡು, ಧಾನ್ಯದ ವ್ಯಾಪಾರ, ಸುಲ್ತಾನನ ನೆನಪು ಎಲ್ಲವೂ ಅಲ್ಲಿವೆ. ಈಶಾನ್ಯಕ್ಕೆ, ಕೋಟೆಯಿಂದ ಮಾರು ದೂರದಲ್ಲಿ, ಬ್ರಿಟಿಷ್ ರೆಸಿಡೆಂಟರ ಬಂಗಲೆ. ಅದೇ ಮುಂದಿನ ಸರ್ಕಾರಿ ಭವನ. ಅರಮನೆಯ ಮೇಲೊಂದು ಕಣ್ಣಿಡುವುದಕ್ಕೆ ತಕ್ಕ ಜಾಗ. ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ನಾಲೆಯಲ್ಲಿ ಊರಿಗೆ ತರಲು ಹವಣಿಸಿದರು. ಆ ಯತ್ನ ಫಲಿಸಲಿಲ್ಲ. ತಗ್ಗಿನ ಊರಿಗೆ ನೀರಿನ ಚಿಂತೆ ತಪ್ಪಲಿಲ್ಲ.

ಎರಡನೆಯ ಸಲ ಅಧಿಕಾರ ಹೊರಟದ್ದು ೧೮೩೧ರಲ್ಲಿ. ನಗರ ಸೀಮೆಯ ದಂಗೆಯ ನೆಪವಾಗಿ ಬ್ರಿಟಿಷರು ಮುಮ್ಮಡಿಯವರಿಂದ ಆಡಳಿತವನ್ನು ಕಸಿದುಕೊಂಡರು. ಕಮಿಷನರ ಕಚೇರಿ ಬೆಂಗಳೂರಿನಲ್ಲಿ ನೆಲೆಸಿತು. ೧೮೬೮ರಲ್ಲಿ ಅದಕ್ಕೆ ಅಠಾರಾ ಕಚೇರಿಯ ಕೆಂಪು ಕಟ್ಟಡವೂ ಆಯಿತು. ಮಹಾರಾಜರು ಮಾತ್ರ ಮೈಸೂರಿನಲ್ಲಿಯೇ ಉಳಿದರು. ಅರಸನಿದ್ದಾನೆ, ಅರಸುತನವಿಲ್ಲ. ಜಪಾನಿನಲ್ಲಿಯೂ ೧೬೦೩ರಿಂದ ೧೮೬೮ರವರೆಗೆ ಇಂಥದೇ ಒಂದು ಸ್ಥಿತಿಯಿತ್ತು: ಚಕ್ರವರ್ತಿ ಕ್ಯೋಟೋದಲ್ಲಿ, ರಾಜ್ಯವಾಳುವ ಷೋಗನ್ ಎಡೋದಲ್ಲಿ. ಕ್ಯೋಟೋ ಆ ಕಾಲದಲ್ಲಿ ದೇವಾಲಯಗಳನ್ನೂ ಕುಶಲಕಲೆಗಳನ್ನೂ ಸಾಕಿಕೊಂಡಿತು. ಮೈಸೂರಿನಲ್ಲಿಯೂ ಹಾಗೆಯೇ ಆಯಿತು. ಕಡತಗಳಿಲ್ಲದ ಅರಮನೆಯಲ್ಲಿ ಪಂಡಿತರು, ಚಿತ್ರಕಾರರು, ವೈಣಿಕರು ತುಂಬಿದರು. ೧೮೬೧ರಲ್ಲಿ ಕೋಟೆಯ ಪಡುವಣಕ್ಕೆ ಜಗನ್ಮೋಹನ ಅರಮನೆ ಎದ್ದಿತು, ೧೮೬೪ರಲ್ಲಿ ಕುಕ್ಕರಹಳ್ಳಿಯ ಕೆರೆ ಆಯಿತು. ರಾಜ್ಯವನ್ನು ಆಳಲಾಗದ ದೊರೆ ಕೆರೆಯನ್ನಾದರೂ ಕಟ್ಟಿಸಬಹುದಲ್ಲವೆ? ಆತನ ಆಜ್ಞೆಗಳಲ್ಲಿ ಹಲವು ಮಾಸಿಹೋದವು. ಕೆರೆ ಇನ್ನೂ ಇದೆ.

೧೮೮೧ರ ಮಾರ್ಚ್ ೨೫ರಂದು ಆಡಳಿತ ಅರಸುಮನೆತನಕ್ಕೆ ಮರಳಿತು. ಮರಳಿದ್ದು ಅರಸರಿಗೆ, ಊರಿಗಲ್ಲ. ದಿವಾನರೂ ಕಚೇರಿಗಳೂ ಬೆಂಗಳೂರಿನಲ್ಲಿಯೇ ನಿಂತರು. ಆ ವರ್ಷದ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ೧೪೪ ಮಂದಿ ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಅದು ಸೇರಿದ್ದು ಮೈಸೂರಿನಲ್ಲಿ, ದಸರೆಯ ಸಮಯದಲ್ಲಿ. ಇದನ್ನು ಬರಿಯ ಆಕಸ್ಮಿಕವೆಂದು ತಳ್ಳಿಹಾಕಲಾಗದು. ವರ್ಷದ ಉಳಿದ ದಿನಗಳಲ್ಲಿ ರಾಜ್ಯ ಬೆಂಗಳೂರಿನಿಂದ ನಡೆಯುತ್ತಿತ್ತು. ದಸರೆ ಬಂದಿತೆಂದರೆ ದಿವಾನರು, ಅಮಲ್ದಾರರು, ಸೀಮೆಸೀಮೆಯ ಮುಖಂಡರು, ರೈತರು ಎಲ್ಲರೂ ಮೈಸೂರಿಗೆ ಬರುತ್ತಿದ್ದರು. ಆ ಕೆಲವು ದಿನ ಈ ಊರು ನಿಜವಾದ ಅರ್ಥದಲ್ಲಿ ರಾಜಧಾನಿ. ಉಳಿದಂತೆ ಆ ದಿನಗಳಿಗಾಗಿ ಕಾದು ಕುಳಿತ ಊರು.

ಹೀಗೆ ಕಾದಿದ್ದ ಊರಿಗೆ ಎರಡು ಆಪತ್ತುಗಳು ಒಂದರ ಬೆನ್ನಲ್ಲೊಂದು ಬಂದವು. ೧೮೯೭ರ ಫೆಬ್ರವರಿ ೨೮ರಂದು ರಾಜಕುಮಾರಿಯ ಮದುವೆಯ ಸಂಭ್ರಮದಲ್ಲಿಯೇ ಮರದ ಅರಮನೆ ಸುಟ್ಟುಹೋಯಿತು. ಮರುವರ್ಷ ಪ್ಲೇಗು ಕಾಲಿಟ್ಟಿತು. ೧೮೯೧ರ ಖಾನೇಷುಮಾರಿಯಲ್ಲಿ ೭೪,೦೪೮ ಇದ್ದ ಜನಸಂಖ್ಯೆ ೧೯೦೧ರಲ್ಲಿ ೬೮,೧೧೧ಕ್ಕೆ ಇಳಿಯಿತು. ಬೆಳೆಯಬೇಕಾದ ಊರು ಹತ್ತು ವರ್ಷದಲ್ಲಿ ಸುಮಾರು ಆರು ಸಾವಿರ ಜನರಷ್ಟು ಕುಗ್ಗಿತೆಂದರೆ ಆ ಕಾಲದ ಗೋಳನ್ನು ಊಹಿಸಿಕೊಳ್ಳಬಹುದು. ಸತ್ತವರು ಕೆಲವರು, ಮನೆಗೆ ಬೀಗ ಹಾಕಿ ಓಡಿದವರು ಕೆಲವರು. ಅರಸರು ಇನ್ನೂ ಬಾಲಕರು. ಅವರ ಪರವಾಗಿ ಆಗ ರಾಜ್ಯಭಾರ ಹೊತ್ತಿದ್ದವರು ತಾಯಿ, ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರು. ಬೆಂಕಿ ಬಿದ್ದ ವರ್ಷವೇ ಹೊಸ ಅರಮನೆಯ ಕೆಲಸ ಅವರ ಕಾಲದಲ್ಲಿ ಆರಂಭವಾಯಿತು. ಹೆನ್ರಿ ಇರ್ವಿನ್ ನಕ್ಷೆ ಹಾಕಿದ ಆ ಅರಮನೆ ೧೯೧೨ರಲ್ಲಿ ಪೂರ್ಣವಾಗುವ ಹೊತ್ತಿಗೆ ೪೧,೪೭,೯೧೩ ರೂಪಾಯಿ ವೆಚ್ಚವಾಗಿತ್ತು.

ಅರಮನೆಯ ವೈಭವ ಎಲ್ಲರ ಬಾಯಲ್ಲಿದೆ. ಊರಿನ ರೂಪವನ್ನು ಬದಲಾಯಿಸಿದ ಇನ್ನೊಂದು ಕೆಲಸಕ್ಕೆ ಆ ಕೀರ್ತಿ ದೊರೆಯಲಿಲ್ಲ. ಅದು ೧೯೦೩ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡ ಮರುವರ್ಷ, ಸ್ಥಾಪನೆಯಾದ ನಗರಾಭಿವೃದ್ಧಿ ಮಂಡಲಿಯ ಕೆಲಸ. ಪ್ಲೇಗು ಕಲಿಸಿದ ಪಾಠ ಒಂದೇ: ಗಾಳಿ ಬೆಳಕಿಲ್ಲದ ಗಲ್ಲಿಗಳಲ್ಲಿ ಜನ ಒತ್ತಿಕೊಂಡು ಬಾಳಬಾರದು. ಕೋಟೆಯೊಳಗಿನ ಮನೆಗಳನ್ನು ತೆಗೆಸಿದರು. ಅಗಳುಗಳನ್ನು ಮುಚ್ಚಿದರು. ಹೊಸ ಬಡಾವಣೆಗಳು ಎದ್ದವು: ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲು. ಹಳೆಯದೆಲ್ಲ 'ಮೊಹಲ್ಲಾ', ಹೊಸದೆಲ್ಲ 'ಪುರ'. ಹೆಸರಿನ ತುದಿಯನ್ನು ನೋಡಿಯೇ ಬಡಾವಣೆಯ ವಯಸ್ಸನ್ನು ಅಂದಾಜು ಮಾಡಬಹುದು. ಒಂಟಿಕೊಪ್ಪಲಿಗೆ ವಾಣಿವಿಲಾಸ ಮೊಹಲ್ಲಾ ಎಂದು ಹೆಸರಾದದ್ದು ಮಾತ್ರ ಇದಕ್ಕೆ ಅಪವಾದ. ಕಷ್ಟದ ಕಾಲದಲ್ಲಿ ರಾಜ್ಯ ನಡೆಸಿದ ಆ ತಾಯಿಯ ಬಿರುದು ಅಲ್ಲಿ ಉಳಿದಿದೆ. ಮುಂದೆ ಕಾವೇರಿಯ ನೀರು ಯಂತ್ರದ ಬಲದಿಂದ ಕೊಳಾಯಿಗೆ ಬಂದಿತು. ೧೯೦೮ರಲ್ಲಿ ವಿದ್ಯುದ್ದೀಪಗಳೂ ಬೆಳಗಿದವು.

ಈಗ ಈ ನಗರದ ನಕ್ಷೆಯನ್ನು ಒಮ್ಮೆ ನಡೆದು ನೋಡಬಹುದು. ಜಂಬೂಸವಾರಿ ಅರಮನೆಯ ಉತ್ತರದ ಬಲರಾಮ ದ್ವಾರದಿಂದ ಹೊರಬೀಳುತ್ತದೆ. ಚಾಮರಾಜ ವೃತ್ತದಲ್ಲಿ ತಂದೆಯ ಪ್ರತಿಮೆ, ಕೂಗಳತೆಯಲ್ಲಿ ಕೃಷ್ಣರಾಜ ವೃತ್ತದಲ್ಲಿ ಮಗನ ಪ್ರತಿಮೆ. ಅಲ್ಲಿಂದ ಸಯ್ಯಾಜಿರಾವ್ ರಸ್ತೆ. ಎಡಕ್ಕೆ ದೇವರಾಜ ಮಾರುಕಟ್ಟೆ, ಮುಂದೆ ಆಯುರ್ವೇದ ಆಸ್ಪತ್ರೆಯ ವೃತ್ತ, ಬಂಬೂ ಬಜಾರು, ಕಡೆಗೆ ಬನ್ನಿಮಂಟಪ. ಒಟ್ಟು ಐದು ಕಿಲೋಮೀಟರು. ಈ ದಾರಿಯಲ್ಲಿ ಒಂದು ಸೆಕ್ರೆಟೇರಿಯಟ್ ಇಲ್ಲ, ಒಂದು ಶಾಸನಸಭೆಯ ಭವನವಿಲ್ಲ. ಬೇರೆ ರಾಜಧಾನಿಗಳಲ್ಲಿ ದೊಡ್ಡ ಬೀದಿಗಳು ಕಚೇರಿಯ ಬಾಗಿಲಿಗೆ ಹೋಗಿ ಮುಟ್ಟುತ್ತವೆ. ಇಲ್ಲಿಯ ದೊಡ್ಡ ಬೀದಿ ಒಂದು ಬನ್ನಿಯ ಮರದ ಬಳಿಗೆ ಹೋಗಿ ನಿಲ್ಲುತ್ತದೆ. ಈ ಊರಿನ ವಿನ್ಯಾಸದ ಗುಟ್ಟೆಲ್ಲ ಇದರಲ್ಲಿದೆ. ಕಡತ ಸಾಗುವುದಕ್ಕೆ ಓಣಿ ಸಾಕು. ಆನೆ ಸಾಗುವುದಕ್ಕೆ, ಆನೆಯನ್ನು ನೋಡಲು ಲಕ್ಷಾಂತರ ಜನ ನಿಲ್ಲುವುದಕ್ಕೆ ಅಗಲವಾದ ಬೀದಿ ಬೇಕು, ತಿರುವಿನಲ್ಲಿ ವೃತ್ತ ಬೇಕು, ಬಯಲು ಬೇಕು.

ಆದರೆ ಈ ಬಯಲು ಸುಮ್ಮನೆ ದೊರೆತದ್ದಲ್ಲವೆಂಬುದನ್ನೂ ಮರೆಯಬಾರದು. ಇಂದು ಅರಮನೆಯ ಮುಂದಿನ ವಿಶಾಲವಾದ ಅಂಗಳದಲ್ಲಿ ನಿಂತು ಕಣ್ಣು ತುಂಬಿಕೊಳ್ಳುವವರು, ಅಲ್ಲೊಮ್ಮೆ ಒಲೆ ಉರಿಯುತ್ತಿದ್ದ ಮನೆಗಳಿದ್ದುವೆಂದು ನೆನೆಯುವುದು ಅಪರೂಪ. ಕೋಟೆಯೊಳಗೆ ತಲೆತಲಾಂತರದಿಂದ ಬಾಳಿದವರು ಗಂಟುಮೂಟೆ ಕಟ್ಟಿಕೊಂಡು ಹೊರಗೆ ಹೋದರು. ಅವರಿಗೆ ಗಾಳಿ ಬೆಳಕು ದೊರೆತದ್ದೂ ನಿಜ, ನೆರೆಹೊರೆ ತಪ್ಪಿದ್ದೂ ನಿಜ. ಅರಮನೆಯ ಆಗ್ನೇಯಕ್ಕಿದ್ದ ದೊಡ್ಡಕೆರೆಯೂ ಇಲ್ಲವಾಗಿ ದೊಡ್ಡಕೆರೆ ಮೈದಾನವಾಯಿತು. ದಸರಾ ವಸ್ತುಪ್ರದರ್ಶನ ನಡೆಯುವುದು ಅಲ್ಲಿಯೇ. ಪುರಗೆರೆಯೆಂಬ ಹೆಸರಿನ ಊರು ತನ್ನ ನಡುವಣ ಕೆರೆಯನ್ನೇ ಕೊಟ್ಟು ಮೈದಾನವನ್ನು ಪಡೆಯಿತು. ನಗರಕ್ಕೆ ರೂಪ ಬರುವುದೆಂದರೆ ಯಾವುದೋ ಒಂದು ಬಾಳು ಪಕ್ಕಕ್ಕೆ ಸರಿದು ದಾರಿ ಬಿಡುವುದೆಂದೇ ಅರ್ಥ. ಕಾವ್ಯದ ಪುರವರ್ಣನೆಯಲ್ಲಿ ಈ ಸಾಲು ಬರುವುದಿಲ್ಲ.

ಮೂರನೆಯ ಸಲ ಹೊರಟದ್ದು ಅರಸುತನವೇ. ಸ್ವಾತಂತ್ರ್ಯ ಬಂದಿತು; ೧೯೫೦ರಲ್ಲಿ ಗಣರಾಜ್ಯವಾಯಿತು; ಜಯಚಾಮರಾಜ ಒಡೆಯರು ರಾಜಪ್ರಮುಖರಾದರು. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾದಾಗ ರಾಜ್ಯಕ್ಕೆ ಮೈಸೂರೆಂಬ ಹೆಸರು ಉಳಿಯಿತು, ರಾಜಧಾನಿ ಬೆಂಗಳೂರಾಯಿತು. ವಿಧಾನಸೌಧ ಸಿದ್ಧವಾದದ್ದೂ ಅದೇ ವರ್ಷ. ೧೯೭೩ರಲ್ಲಿ ರಾಜ್ಯ ಕರ್ನಾಟಕವಾದಾಗ ಆ ಹೆಸರೂ ಬಿಟ್ಟುಹೋಯಿತು. ೧೯೭೦ರ ದಶಕದಿಂದೀಚೆಗೆ ಚಿನ್ನದ ಅಂಬಾರಿಯಲ್ಲಿ ಅರಸರ ಬದಲು ಚಾಮುಂಡೇಶ್ವರಿಯ ವಿಗ್ರಹ ಸಾಗುತ್ತಿದೆ. ಅರಸ ಇಳಿದ, ಬೆಟ್ಟದ ತಾಯಿ ಬೀದಿಗೆ ಬಂದಳು. ೧೬೧೦ರಲ್ಲಿ ಸಿಂಹಾಸನ ಹೋದಾಗಲೂ ಊರನ್ನು ಬಿಡದಿದ್ದವಳು ಅವಳೇ ಅಲ್ಲವೆ?

ಅಧಿಕಾರ ಹೋದ ಜಾಗಕ್ಕೆ ಬೇರೊಂದು ಬಂದು ಕೂರುವುದು ಈ ಊರಿನ ರೂಢಿ. ಕಡತದ ಬದಲು ಪುಸ್ತಕ ಬಂದಿತು. ೧೯೧೬ರಲ್ಲಿ ವಿಶ್ವವಿದ್ಯಾನಿಲಯ, ೧೯೬೦ರಲ್ಲಿ ಕುವೆಂಪು ಅವರು ಹೆಸರಿಟ್ಟ ಮಾನಸಗಂಗೋತ್ರಿ. ಅದು ನೆಲೆಸಿದ್ದು ಮುಮ್ಮಡಿಯವರ ಕಾಲದ ಆ ಕುಕ್ಕರಹಳ್ಳಿ ಕೆರೆಯ ದಡದ ಮೇಲೆ. ರಾಜ್ಯ ಕಳೆದುಕೊಂಡ ದೊರೆಯ ಕಾಲದ ಕೆರೆಯ ಏರಿಯ ಮೇಲೆ ಅಡ್ಡಾಡುತ್ತ ಓದಿದ ಹುಡುಗರು ಎಷ್ಟು ಮಂದಿಯೋ! ನಾನೂ ಅವರಲ್ಲೊಬ್ಬ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ೧೮೯೨ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ೨೦೧೨ರಲ್ಲಿ ಕುಸಿದು ನಾಲ್ವರು ಸತ್ತರು. ೨೦೧೬ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲು ಉರುಳಿತು. ಕೆಡವಿ ಕಟ್ಟಬೇಕೆಂದು ಕೆಲವರು, ದುರಸ್ತಿ ಮಾಡಿ ಉಳಿಸಬೇಕೆಂದು ಕೆಲವರು ವಾದಕ್ಕೆ ನಿಂತರು; ಮಾತು ನ್ಯಾಯಾಲಯದವರೆಗೂ ಹೋಯಿತು. ಎರಡು ಕಡೆಯವರೂ ಕಟ್ಟಡದ ಮಾತನ್ನೇ ಹೆಚ್ಚಾಗಿ ಆಡಿದರು. ನನ್ನ ಮಟ್ಟಿಗೆ ಪ್ರಶ್ನೆ ಇನ್ನೊಂದು. ಅರಮನೆಗೆ ಕಾವಲಿದೆ, ದೀಪಾಲಂಕಾರವಿದೆ, ಟಿಕೆಟ್ಟಿದೆ. ಅದು ಹೇಗೂ ಬಾಳುತ್ತದೆ. ಮಾರುಕಟ್ಟೆಯಲ್ಲಿ ವೀಳ್ಯದೆಲೆ ಮಾರುವವನಿಗೆ, ಹೂ ಕಟ್ಟುವವಳಿಗೆ, ಕೆರೆಯ ಏರಿಯ ಮೇಲೆ ನಡೆಯುವ ಮುದುಕನಿಗೆ ಕಾವಲು ಯಾರು? ಈ ಊರಿನ ನಕ್ಷೆಯಲ್ಲಿ ಅರಮನೆಯೆಷ್ಟೋ ಅವರೂ ಅಷ್ಟೇ. ಬೀದಿ ಅಗಲವಾದದ್ದು ಆನೆಗಾಗಿ ಮಾತ್ರವಲ್ಲ, ಆನೆಯನ್ನು ನೋಡಲು ಬಂದ ಜನಕ್ಕಾಗಿ ಕೂಡ.

ಕಲ್ಲುಗಳನ್ನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಹೊತ್ತು ನೋಡಿದ್ದಾಗಿದೆ. ಅದರಿಂದ ಊರು ಅಳಿಯಲೂ ಇಲ್ಲ, ಅದೊಂದರಿಂದಲೇ ಉಳಿಯಲೂ ಇಲ್ಲ. ಸಿಂಹಾಸನ, ಕಚೇರಿ, ಅರಸುತನ ಒಂದೊಂದಾಗಿ ಹೋದಾಗಲೂ ಮೈಸೂರು ಮೈಸೂರಾಗಿ ಉಳಿದದ್ದು ಕೆರೆ, ಮಾರುಕಟ್ಟೆ, ಪಾಠಶಾಲೆ, ಬೆಟ್ಟದ ದಾರಿ ಇವುಗಳಿಂದ. ಮುಂದಿನ ನಕ್ಷೆಯನ್ನು ಬರೆಯುವವರು ಇವನ್ನು ಮೊದಲು ಗುರುತು ಮಾಡಿಕೊಂಡು ಆಮೇಲೆ ಗೆರೆ ಎಳೆಯಲಿ.